ಹೈಡೆಲ್‌ಬರ್ಗಿನ ಅಡುಗೆಮನೆಯಲ್ಲಿ ಅಮೆರಿಕದ ಹೆಂಗಸರು

ಮೇ ೪, ಬೆಳಗ್ಗೆ

ಮತ್ತೆ ಅದೇ ಕೆಲಸ. ಪಿಎಚ್‌ಡಿ ಡಿಫೆನ್ಸಿಗೆ, ಅಂದರೆ ಕೊನೆಯ ಮೌಖಿಕ ಪರೀಕ್ಷೆಗೆ, ಸಿನಿಮಾ ತುಣುಕುಗಳನ್ನು ಆರಿಸುವುದು. ಲ್ಯಾಪ್‌ಟಾಪಿನಲ್ಲಿ ಹತ್ತೊಂಬತ್ತನೇ ಶತಮಾನದ ಅಮೆರಿಕದ ಹೆಂಗಸರು ಗಂಡಸರೆದುರು ನಿಂತು ವೋಟು ಕೇಳುತ್ತಿದ್ದಾರೆ. ಒಲೆಯ ಮುಂದೆ ಅವ್ವ, ಧಾರವಾಡದಲ್ಲಿ ಅಪ್ಪನ ಊಟವಾಗಲೆಂದು ಕಾಯುತ್ತಿದ್ದಾಳೆ. ಗಂಡ ಉಣ್ಣದೆ ಉಣ್ಣುವವಳಲ್ಲ. ಪುಣ್ಯಕ್ಕೆ ಈ ದೇಶವೇ ಗಂಡನಿಗಿಂತ ಮೂರೂವರೆ ಗಂಟೆ ಹಿಂದೆ.

ನಾನು ಥೀಸಿಸ್, ಅವ್ವ ಆಂಟಿಥೀಸಿಸ್. ಇಬ್ಬರಿಗೂ ಒಂದೇ ಕೋಣೆ.

ಮೇ ೭

ಅಪ್ಪನ ಫೋನು. ಅವ್ವನನ್ನು ಕರೆಯುವುದು ಎಂದಿನಂತೆ ನನ್ನ ಹೆಸರು ಹಿಡಿದೇ. “ಪವೀನ ಅವ್ವಾ, ಖಾನಾವಳಿ ಊಟ ಸೇರವಲ್ದು. ಟಿಕೀಟ್ ಬದಲಿ ಮಾಡ್ಸಿಕೊಂಡು ಲಗೂನ ಬಾ.”

ನನ್ನ ಡಿಫೆನ್ಸ್ ಜೂನ್‌ನಲ್ಲಿ. ಅವ್ವ ಅದನ್ನು ನೋಡಲೆಂದೇ ಬಂದವಳು. ಆದರೂ ಅಂದದ್ದು, “ನೀವು ಹೆಂಗ ಅಂತೀರಿ ಹಂಗ.”

ಇರು ಅಂತ ನಾನು ಕೇಳಲಿಲ್ಲ. ಅಪ್ಪನ ಮಾತಿನ ಬದಲು ನನ್ನ ಮಾತು ಕೇಳಿದರೆ ಏನು ಬಂತು...

ಮೇ ೮

ಟಿಕೆಟ್ ಇನ್ನೂ ಬದಲಾಗಿಲ್ಲವೆಂದು ಮುನಿಸಿಕೊಂಡು ಅಪ್ಪ ಉಣ್ಣಲಿಲ್ಲವಂತೆ. ಅವ್ವನೂ ಉಣ್ಣಲಿಲ್ಲ. ಉಪವಾಸಕ್ಕೆ ರೋಮಿಂಗ್ ಚಾರ್ಜ್ ಇಲ್ಲ.

ಮೇ ೯, ಸಂಜೆ

ಅವ್ವ ಪಕ್ಕದಲ್ಲಿ ಕೂತು ಒಂದು ತುಣುಕು ನೋಡಿದಳು. ರೈತನ ಹೆಂಡತಿ ಸಭೆಗೆ ಹೊರಟಿದ್ದಾಳೆ. ಗಂಡ ಮುನಿಸಿಕೊಂಡು ಊಟಕ್ಕೆ ಬರುವುದಿಲ್ಲ. ಅವಳು ತುಸು ಹೊತ್ತು ಕಾಯುತ್ತಾಳೆ. ಆಮೇಲೆ ತಾನೇ ಬಡಿಸಿಕೊಂಡು ಉಂಡು, ಟೊಪ್ಪಿಗೆ ಹಾಕಿಕೊಂಡು ಹೋಗುತ್ತಾಳೆ.

“ಉಂಡ್‌ಬಿಟ್ಲೇನ ಆಕಿ?”

“ಉಂಡ್ಲು.”

“ಆಂವ ಸತ್ನೇನ?”

“ಇಲ್ಲವ್ವಾ.”

“ಇನ್ನೊಮ್ಮೆ ಹಚ್ಚು.”

ಹಚ್ಚಿದೆ. ಪುರುಷಪ್ರಾಧಾನ್ಯ, ಪ್ರತಿರೋಧ ಎಂದೆಲ್ಲ ವಿವರಿಸಹೋದೆ. “ಹಸಿವ್ಯಾಗಿತ್ತ ಆಕಿಗೆ. ಅದಕ್ಯಾಕ ಇಷ್ಟ ಭಾಷಣ?” ಅಂದಳು.

ಮೇ ೧೩, ಮಧ್ಯಾಹ್ನ

ಇವತ್ತು ಅವ್ವನೇ ವಿಡಿಯೋ ಕಾಲ್ ಹಚ್ಚಿದಳು. ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ.

“ಇನ್ನೂ ಉಂಡಿಲ್ಲ ನಾ,” ಅಂದರು ಅಪ್ಪ, ಗೆದ್ದ ದನಿಯಲ್ಲಿ.

“ನಾ ಉಣ್ಣಾಕತ್ತೀನ್ರಿ.” ತುತ್ತು ಬಾಯಿಗಿಟ್ಟಳು. “ಹುಡುಗೀ ಪರೀಕ್ಷಾ ಮುಗಿಯೂತನಕ ಇಲ್ಲೇ ಇರ್ತೀನಿ. ನೀವೂ ಉಣ್ರಿ.”

ಪರದೆಯ ಮೇಲೆ ಅಪ್ಪ ಅಲ್ಲಾಡಲಿಲ್ಲ. ನೆಟ್‌ವರ್ಕ್ ಹೋಯಿತು ಅಂದುಕೊಂಡೆ. ಹಿಂದೆ ಫ್ಯಾನು ತಿರುಗುತ್ತಲೇ ಇತ್ತು. ಅವ್ವನ ಬಾಯಲ್ಲಿ ತುತ್ತು ಹಾಗೇ ಇತ್ತು. ಅಗಿಯುತ್ತಿಲ್ಲ, ನುಂಗುತ್ತಿಲ್ಲ.

ಕೊನೆಗೆ ಅಪ್ಪ, “ಪಲ್ಯಾ ಏನ್ ಮಾಡೀ?”

“ಬದ್ನೀಕಾಯಿ.”

“...ಹೆಂಗ ಮಾಡ್ತಾರ ಅದನ್ನ?”

ಅವ್ವ ನುಂಗಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು; ಪಲ್ಯ ಖಾರವೇನೂ ಇರಲಿಲ್ಲ.

ಮೇ ೧೪

ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದ್ದೇವೆ. ಧಾರವಾಡದಲ್ಲಿ ಅಪ್ಪ, ಬನಿಯನ್ನಿನ ಮೇಲೆ ಅವ್ವನ ಟವೆಲ್ಲು ಕಟ್ಟಿಕೊಂಡು, ಒಲೆಯ ಮುಂದೆ. ಸಾಸಿವೆ ಎಲ್ಲಿದೆ ಅಂತ ನನ್ನನ್ನು ಕೇಳಿದರು. ನನಗೂ ಗೊತ್ತಿಲ್ಲ, ಡಾಕ್ಟರಾಗಲು ಹೊರಟವಳು! ಅವ್ವ ಉಣ್ಣುತ್ತಲೇ ದಾರಿ ಹೇಳುತ್ತಿದ್ದಾಳೆ. “ಮ್ಯಾಲಿನ ಫಳಿ ಅಲ್ರಿ, ಕೆಳಗ... ಹಾಂ, ಅದಽ. ಸ್ವಲ್ಪ ಹಾಕ್ರಿ. ಅಯ್ಯ, ಅಷ್ಟಲ್ಲ. ಸಿಡೀತಾವ, ದೂರ ನಿಂದ್ರಿ—”