ತಂಪುಗೂಡಿನ ಉಡಿ

ಮಾರ್ಚ್ 4, ಬೆಳಿಗ್ಗೆ

ಮರಳಿಗೆ ನೀರು ಹಾಕಿದ್ದಾಯಿತು. ಸಂಜೆ ಇನ್ನೊಮ್ಮೆ. ಇಟ್ಟಿಗೆಯ ಎರಡು ಗೋಡೆ, ನಡುವೆ ಒದ್ದೆ ಮರಳು, ಮೇಲೆ ಹಸಿ ಗೋಣಿ ಸುತ್ತಿದ ಮುಚ್ಚಳ — ನಮ್ಮ ತಂಪುಗೂಡು, ಕರೆಂಟಿಲ್ಲದ ಫ್ರಿಜ್ಜು. ರೈತರ ಟ್ರೇನಿಂಗಿನಲ್ಲಿ ಕಲಿತದ್ದು. ನಿನ್ನೆ ಕಿತ್ತ ಮೆಂತ್ಯ ಈಗಲೂ ಎದ್ದು ನಿಂತಿದೆ. ಮೊದಲಾಗಿದ್ದರೆ ಎಮ್ಮೆಯ ಪಾಲು.

ಇಟ್ಟಿಗೆ ಬಚ್ಚಲಿಗೆಂದು ತಂದದ್ದು. ಮೌನೇಶ (ಗಂಡನ ಹೆಸರು ಇಲ್ಲಿ ಬರೆಯಬಹುದು, ಯಾರು ಓದುತ್ತಾರೆ) ಹೇಳಿಬಿಟ್ಟಿದ್ದಾನೆ: "ಖಾನಾವಳಿ ಗಿರಾಕಿ ಗಟ್ಟಿ ಆದ್ರ ಗೂಡು ಇರಲಿ. ಇಲ್ಲಂದ್ರ ಕೆಡವಿ ಬಚ್ಚಲ ಕಟ್ಟತೀನಿ."

ಲಕ್ಷ್ಮೇಶ್ವರದ ಕುಬೇರಪ್ಪನ ಖಾನಾವಳಿ. ದಿನಾ ರೊಟ್ಟಿಯ ಜೊತೆ ಹಸಿ ಮೆಂತ್ಯ, ಸೌತೆಕಾಯಿ ಬೇಕು. ಈಗ ನಮ್ಮ ಪರೀಕ್ಷೆ.

ಮಾರ್ಚ್ 5

ಹೊಲದಿಂದ ಬರುವಷ್ಟರಲ್ಲಿ ಗೂಡಿಗೆ ಅರಿಶಿನ-ಕುಂಕುಮ. ಅತ್ತೆ ರೇಣುಕವ್ವ ಏನೂ ಗೊತ್ತಿಲ್ಲದವರಂತೆ ಜೋಳ ಹಸನು ಮಾಡುತ್ತಾ ಕೂತಿದ್ದರು. "ಹೊಸಾದು ಐತಲ್ಲ... ನಾಕು ಹೂವ ಏರಿಸೀನಿ, ಅಷ್ಟ."

ಮಾವ ತೀರಿದ ಮೇಲೆ ಅವರು ಕುಂಕುಮದ ಭರಣಿ ಮುಟ್ಟಿದ್ದು ಇವತ್ತೇ.

ಮಾರ್ಚ್ 9

ಮೆಂತ್ಯ ಹಳದಿ. ಬಾಡಿಲ್ಲ, ಕೊಳೆತಿಲ್ಲ — ಹಳದಿ. ಸೌತೆಕಾಯಿಗೂ ಅದೇ ಬಣ್ಣ. ನೀರು ಹೆಚ್ಚಿಸಿದೆ. ಗೋಣಿ ಬದಲಿಸಿದೆ. ಉಪಯೋಗವಿಲ್ಲ.

ಖಾನಾವಳಿಯಲ್ಲಿ ಕುಬೇರಪ್ಪ ಮೆಂತ್ಯದ ಒಂದು ಕಟ್ಟು ಎತ್ತಿ ತೋರಿಸಿದ. "ಏನವಾ ತಂಗಿ, ತಪ್ಪಲಕ್ಕ ಅರಿಶಿಣ ಹಚ್ಚಿ ಮದಿವಿಗೆ ಕಳಸೀಯೇನು?" ಉಣ್ಣುತ್ತಿದ್ದವರೆಲ್ಲ ನಕ್ಕರು. ಇನ್ನೊಂದು ಸಲ ನೋಡುತ್ತಾನಂತೆ. ಒಂದೇ ಸಲ.

ಟ್ರೇನಿಂಗಿನ ಸ್ನೇಹಾ ಮೇಡಂಗೆ ಫೋನು. "ಒಳಗ ಬಾಳಿಹಣ್ಣು ಏನರ ಐತೇನ್ರಿ? ಅದರ ಗಾಳಿ ತಾಗಿದ್ರ ಹಸಿರೆಲ್ಲಾ ಹಳದಿ ಆಗತೈತಿ." ನಮ್ಮ ಮನೆಯಲ್ಲಿ ಬಾಳೆಹಣ್ಣೇ ಇಲ್ಲ ಎಂದೆ. ಜೋರಾಗಿಯೇ ಎಂದೆ.

ಮಾರ್ಚ್ 10

ಗೂಡು ಪೂರ್ತಿ ಖಾಲಿ ಮಾಡಿದೆ. ಮೂಲೆಯಲ್ಲಿ, ಬುಟ್ಟಿಯ ಕೆಳಗೆ, ಹಸಿರು ಖಣದ ಗಂಟು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ. ಬಾಳೆಹಣ್ಣು — ಕಪ್ಪಾಗಿ, ಘಮ್ಮೆನ್ನುತ್ತಾ.

ಮುತ್ತೈದೆಯ ಮಡಿಲು ತುಂಬುವ ಹಾಗೆ ಉಡಿ ತುಂಬಿದ್ದಾರೆ. ಗೂಡಿಗೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ನಿಮ್ಮ ಮಾವ ಹ್ವಾದಮ್ಯಾಲೆ ಯಾರಿಗೂ ಉಡಿ ತುಂಬಿಲ್ಲವಾ. ಮಂದಿಗೆ ತುಂಬಬಾರದು. ಇಟ್ಟಂಗಿ ಗೂಡಿಗೇನ ಆಗತೈತಿ ಅಂತ..." ಆಮೇಲೆ, ಮೆಲ್ಲಗೆ: "ನನ್ನ ಕೈ ಆಗಿ ಬರಲಿಲ್ಲ ನೋಡು."

"ನಿಮ್ಮ ಕೈ ಅಲ್ರಿ ಅತ್ತಿ, ಬಾಳಿಹಣ್ಣು!" ಮೇಡಂ ಹೇಳಿದ್ದೆಲ್ಲ ಹೇಳಿದೆ. ತಲೆಯಾಡಿಸಿದರು. ನಂಬಲಿಲ್ಲ. ಮಧ್ಯಾಹ್ನ ಉಣ್ಣಲೂ ಇಲ್ಲ.

ಸಿಟ್ಟು ಬಂತು. ಅವರ ಮೇಲಲ್ಲ. ಗಂಡ ಸತ್ತರೆ ಹೆಂಡತಿಯ ಕೈ ಕೆಡುತ್ತದೆ ಎಂದು ಕಲಿಸಿದವರ ಮೇಲೆ.

ಮಾರ್ಚ್ 11

ಹೊಸ ಮೆಂತ್ಯ, ಹೊಸ ಸೌತೆ ತುಂಬಿದೆ. ಅತ್ತೆಯನ್ನು ಕರೆದೆ. "ಮತ್ತ ಉಡಿ ತುಂಬ್ರಿ. ಹಣ್ಣೊಂದು ಬಿಟ್ಟು ಎಲ್ಲಾ ಇಡ್ರಿ." ಒಲ್ಲೆ ಎಂದರು.

ಮೌನೇಶ ನಡುವೆ ಬಾಯಿ ಹಾಕಿದ. "ಯವ್ವ ಒಲ್ಲೆ ಅಂದ್ರ ಬಿಡು. ಈ ಸಲ ಕೆಟ್ರ ಗಿರಾಕೀನೂ ಇಲ್ಲ, ಗೂಡೂ ಇಲ್ಲ."

ಕೆಟ್ಟರೆ ಅಪವಾದವೆಲ್ಲ ಅತ್ತೆಯ ಕೈಗೇ ಬರುತ್ತದೆ, ಸಾಯುವವರೆಗೂ. ಗೊತ್ತು. ಆದರೂ ಕೈ ಹಿಡಿದು ಎಬ್ಬಿಸಿದೆ. ಅಕ್ಕಿ, ಕೊಬ್ಬರಿ, ಉತ್ತತ್ತಿ ಇಟ್ಟು ಗಂಟು ಕಟ್ಟಿದರು.

ಮಾರ್ಚ್ 14, ಬೆಳಿಗ್ಗೆ

ಬೇಗ ಬೇಗ ಬರೆಯುತ್ತಿದ್ದೇನೆ.

"ಮುಚ್ಚಳ ನೀವ ತೆಗೀರಿ" ಎಂದೆ ಅತ್ತೆಗೆ. ತೆಗೆದರು.

ಹಸಿರು. ಸೌತೆಯೂ ಹಸಿರು. ಮೌನೇಶ ನಾಲ್ಕು ಎಲೆ ಬಾಯಿಗೆ ಹಾಕಿಕೊಂಡು ಬುಟ್ಟಿ ತುಂಬತೊಡಗಿದ. ಬಚ್ಚಲಿನ ಸುದ್ದಿ ಎತ್ತಲಿಲ್ಲ.

ಅತ್ತೆ ಒಂದು ಕಟ್ಟು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಮೂಸಿದರು. ತಮ್ಮ ಅಂಗೈಯನ್ನೂ ನೋಡಿಕೊಂಡರು. ಆಮೇಲೆ ನನಗೆ: "ದುರ್ಗಾ, ಸೆರಗ ಒಡ್ಡವಾ."

ನೈಟಿಯಲ್ಲಿದ್ದೆ. ಹೆಗಲ ಮೇಲಿನ ಟವೆಲ್ಲನ್ನೇ ಒಡ್ಡಿದೆ. ಮಗನ ಎದುರಿಗೇ ನನ್ನ ಉಡಿ ತುಂಬಿದರು. ಮೆಂತ್ಯ, ಮೇಲೆ ಸೌತೆಕಾಯಿ, ಮತ್ತೆ ಮೆಂತ್ಯ.

ಬುಟ್ಟಿ ಒಯ್ಯುವ ಟಂಟಂ ಆಟೋ ಬಂತು. ಡ್ರೈವರ್ ಹಾರ್ನು ಹೊಡೆಯುತ್ತಿದ್ದಾನೆ. ಟವೆಲ್ಲು ಇನ್ನೂ ಮಡಿಲಲ್ಲೇ ಇದೆ, ಇಳಿಸಲು ಮನಸ್ಸಿಲ್ಲ.