ನೂರಕ್ಕೆ ನೂರು ಬಂದ ಶಾಲೆ

ರಾಚ್ ಮೂಮ್
ಜುಲೈ 7, 2023, ಶುಕ್ರವಾರ

ಪ್ರೀತಿಯ ತಂಗಿ ಲುವಾ,

ಹೇಗಿದ್ದೀಯೇ? ಸೊಂಟನೋವು ಕಮ್ಮಿಯಾಯಿತೋ ಇಲ್ಲವೋ? ನೀನು ನೋಡಿಕೊಳ್ಳುವ ಆ ಮುದುಕಮ್ಮನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತುವಾಗ ಮಂಡಿ ಮಡಿಸಿ ಎತ್ತು, ಸೊಂಟ ಬಗ್ಗಿಸಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. ನೀನು ಚಿಕ್ಕಂದಿನಿಂದಲೂ ನನ್ನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವಳು. ಆಯಮ್ಮ ಈಗಲೂ ಗಂಜಿ ಬಟ್ಟಲು ಎಸೆಯುತ್ತಾಳೆಯೇ? ಎಸೆದರೆ ಎಸೆಯಲಿ, ಬಾಗಿ ಎತ್ತುವ ಮುಂಚೆ ಒಂದು ಗಳಿಗೆ ಸುಧಾರಿಸಿಕೊ. ಕಾಲುವೆಯ ಎದುರು ದಂಡೆಯ ನ್ಯಾನ್ ರಜೆ ಮುಗಿಸಿಕೊಂಡು ನಾಳೆ ನೀನಿರುವ ತೈವಾನಿಗೆ ವಾಪಸು ಹೊರಟಿದ್ದಾಳೆ. ಅವಳ ಕೈಯಲ್ಲಿ ಒಣಮೀನು, ಹುಣಸೆ ಮಿಠಾಯಿ, ಮತ್ತೆ ಈ ಕಾಗದ. ವಾರವಾರ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುವವರಿಗೆ ಕಾಗದ ಯಾಕೆ ಎಂದು ನಗಬೇಡ. ನಿನ್ನ ಮುಖ ನೋಡಿಕೊಂಡು ಇದನ್ನು ಹೇಳುವ ಧೈರ್ಯ ನನಗಿಲ್ಲ. ಒಬ್ಬಳೇ ಇರುವಾಗ ಓದು.

ಮಿಯೆನ್ ಚೆನ್ನಾಗಿದ್ದಾಳೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಎದೆ ಹೊಡೆದುಕೊಳ್ಳಬೇಡ. ನನಗಿಂತ ಎರಡು ಬೆರಳು ಎತ್ತರ ಬೆಳೆದಿದ್ದಾಳೆ. ಹುಳಿಮೀನಿನ ಸಾರನ್ನು ನನಗಿಂತ ಚೆನ್ನಾಗಿ ಮಾಡುತ್ತಾಳೆ, ಹಾಗೆಂದು ಅವಳೇ ಹೇಳಿಕೊಳ್ಳುತ್ತಾಳೆ. ಹೋದ ಭಾನುವಾರ ಫೋನಿನಲ್ಲಿ ನೀನು "ಪಾಸಾಯ್ತೇನೆ ಮಗಳೇ" ಎಂದು ಕೇಳಿದಾಗ ಅವಳು ಏನು ಹೇಳಿದಳು, ನೆನಪಿಸಿಕೊ. "ನಮ್ ಶಾಲೆ ನೂರಕ್ಕೆ ನೂರು ಬಂತಮ್ಮ" ಎಂದಳು. ನೀನು ಪಕ್ಕದ ಕೋಣೆಯವರನ್ನೆಲ್ಲ ಕೂಗಿ ಕರೆದು ಹೇಳಿದೆ, ಹೈಸ್ಕೂಲಿನ ಬಿಳಿ ಆವೊ ಜಾಯ್ ಸಮವಸ್ತ್ರ ಹೊಲಿಸಲು ಬಟ್ಟೆ ಕಳಿಸುತ್ತೇನೆ ಎಂದೆ. ಲುವಾ, ಅವಳು ಹೇಳಿದ್ದು ಸುಳ್ಳಲ್ಲ. ಶಾಲೆ ನೂರಕ್ಕೆ ನೂರು ಬಂದದ್ದು ನಿಜ. ಆದರೆ ನಿನ್ನ ಮಗಳು ಹತ್ತನೇ ತರಗತಿಗೆ ಸೇರಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ಫೇಲಾದಳು ಅಂದುಕೊಳ್ಳಬೇಡ. ಅವಳು ಪರೀಕ್ಷೆಗೆ ಕೂರಲೇ ಇಲ್ಲ.

ನಾವು ಓದುವಾಗ ಈ ಲೆಕ್ಕಾಚಾರ ಇರಲಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆರರಿಂದ ಒಂಬತ್ತರವರೆಗೆ ಪಾಠ ಹೇಳುವ ನಮ್ಮಂಥ ಸರ್ಕಾರಿ ಮಾಧ್ಯಮಿಕ ಶಾಲೆ ಒಳ್ಳೆಯದೋ ಕೆಟ್ಟದ್ದೋ ಎಂದು ಈಗ ಅಳೆಯುವುದು ಒಂದೇ ಕೋಲಿನಿಂದ: ಹತ್ತನೇ ತರಗತಿಯ ಪ್ರವೇಶ ಪರೀಕ್ಷೆಗೆ ಕೂತವರಲ್ಲಿ ನೂರಕ್ಕೆ ಎಷ್ಟು ಮಂದಿ ಪಾಸು? ಕೂತವರಲ್ಲಿ. ಕೂರದವರು ಯಾರು, ಯಾಕೆ ಕೂರಲಿಲ್ಲ, ಈಗ ಎಲ್ಲಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಹೋದ ವರ್ಷ ತಾಲ್ಲೂಕಿನ ಹದಿನಾಲ್ಕು ಶಾಲೆಗಳಲ್ಲಿ ನಮ್ಮದು ಹನ್ನೊಂದನೆಯದು. ಸಭೆಯಲ್ಲಿ ನಮ್ಮ ಮುಖ್ಯೋಪಾಧ್ಯಾಯ ಕಿಯೆತ್ ಅವರಿಗೆ ಕೊನೆಯ ಸಾಲಿನಲ್ಲಿ, ಕಕ್ಕಸಿನ ಬಾಗಿಲ ಪಕ್ಕ ಕುರ್ಚಿ. ಅವರೇನೂ ರಾಕ್ಷಸರಲ್ಲ. ಶಾಲೆಯ ಚಾವಣಿ ಸೋರಿದರೆ ತಾವೇ ಏಣಿ ಹತ್ತುವ ಮನುಷ್ಯ. ಆದರೆ ಆ ಕುರ್ಚಿಯಿಂದ ಎದ್ದು ಬಂದ ಮೇಲೆ ಅವರ ನಗು ಬೇರೆಯಾಯಿತು.

ಶಾಲೆಯ ಗುಣಮಟ್ಟ ನೋಡಲು ತಂಡ ಬರುವ ದಿನ ನಾವು ಟೀಚರುಗಳು ಏನು ಮಾಡುತ್ತೇವೆ ಗೊತ್ತೇ? ಪ್ರಶ್ನೆ ಕೇಳಿದ ತಕ್ಷಣ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಅಂಗೈ ಬಿಚ್ಚಿ ಎತ್ತಬೇಕು, ಗೊತ್ತಿಲ್ಲದವರು ಮುಷ್ಟಿ ಬಿಗಿದು. ಹಿಂದೆ ಕೂತ ದೊಡ್ಡವರಿಗೆ ಮೂವತ್ತಾರು ಕೈಗಳ ಕಾಡು ಕಾಣುತ್ತದೆ, ನನಗೆ ಅಂಗೈಗಳು ಮಾತ್ರ. ಎರಡು ವಾರ ಅಭ್ಯಾಸ ಮಾಡಿಸಿದ್ದೆ. ಆ ದಿನ ಮಿಯೆನ್ ಅಂಗೈ ಬಿಚ್ಚಿ ಎತ್ತಿದಳು. ಈ ಹುಡುಗಿ ಮುಷ್ಟಿ ಮರೆತಿದ್ದಾಳೆ ಅಂದುಕೊಂಡು ನಾನು ಅವಳನ್ನು ದಾಟಿ ಪಕ್ಕದವಳನ್ನು ಕೇಳಿದೆ. ಮನೆಗೆ ಬಂದ ಮೇಲೆ ಅವಳು ಸೊಪ್ಪು ಬಿಡಿಸುತ್ತಾ ಉತ್ತರ ಹೇಳಿದಳು. ಸರಿಯಾಗಿತ್ತು. ನಾನು "ಹೌದಾ" ಎಂದು ಒಳಗೆ ಹೋದೆ. ತಂಡದವರು ತರಗತಿ ಬಹಳ ಚುರುಕಾಗಿದೆ ಎಂದು ಬರೆದು, ಬಾತುಕೋಳಿ ಊಟ ಮಾಡಿ ಹೋದರು. ಮೇಲೆ ಥಳಕು, ಒಳಗೆ ಹುಳುಕು.

ಮಾರ್ಚ್ ತಿಂಗಳಲ್ಲಿ ಕಿಯೆತ್ ಒಂಬತ್ತನೇ ತರಗತಿಯ ಟೀಚರುಗಳನ್ನೆಲ್ಲ ಕರೆದರು. ಮಾದರಿ ಪರೀಕ್ಷೆಯಲ್ಲಿ ಹಿಂದೆ ಬಿದ್ದವರ ಪಟ್ಟಿ ಮೇಜಿನ ಮೇಲಿತ್ತು. ನನ್ನ ತರಗತಿಯಿಂದ ಒಂಬತ್ತು ಹೆಸರು, ಅದರಲ್ಲಿ ಮಿಯೆನ್ ಒಬ್ಬಳು. ಪಕ್ಕದಲ್ಲಿ ಅಚ್ಚಾದ ಅರ್ಜಿಗಳ ಕಟ್ಟು: "ನಾನು ನನ್ನ ಸ್ವಂತ ಇಚ್ಛೆಯಿಂದ ಹತ್ತನೇ ತರಗತಿಯ ಪ್ರವೇಶ ಪರೀಕ್ಷೆಗೆ ಕೂರುವುದಿಲ್ಲ." ಸ್ವಂತ ಇಚ್ಛೆ ಆಗಲೇ ಅಚ್ಚಾಗಿತ್ತು, ಹೆಸರಿನ ಜಾಗ ಮಾತ್ರ ಖಾಲಿ. ಕೆಳಗೆ ಮಗುವಿನ ಸಹಿ, ಪಾಲಕರ ಸಹಿ. "ಟೀಚರಮ್ಮ, ಇದು ಮಕ್ಕಳ ಒಳ್ಳೇದಕ್ಕೇ. ಫೇಲಾಗಿ ಅಳೋದಕ್ಕಿಂತ ಕಸುಬಿನ ಶಾಲೆಗೆ ಸೇರ್ಕೊಂಡು ಹೊಲಿಗೆನೋ ರಿಪೇರಿನೋ ಕಲೀಲಿ" ಎಂದರು. ಉಳಿದ ಎಂಟು ಮಕ್ಕಳ ಮನೆಗೆ ಹೋಗುತ್ತೇನೆ, ಮಿಯೆನ್ ವಿಷಯ ಅವಳ ತಾಯಿಯನ್ನು ಕೇಳಬೇಕು ಎಂದೆ ನಾನು. ಅದಕ್ಕೆ ಆ ಮನುಷ್ಯ ಮೆತ್ತಗೆ ಹೇಳಿದ್ದು ಇಷ್ಟು: "ಬೇರೆಯವರ ಮಕ್ಕಳಿಗೆ ಒಂದು ನ್ಯಾಯ, ನಿಮ್ಮನೆ ಮಗೂಗೆ ಇನ್ನೊಂದಾ? ಊರವರು ಏನಂತಾರೆ ಯೋಚ್ನೆ ಮಾಡಿ."

ನಾನು ಯೋಚನೆ ಮಾಡಿದೆ, ಲುವಾ. ನಿನಗೆ ಫೋನು ಮಾಡಲಿಲ್ಲ. ಮಾಡಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಅದು ನನಗೆ ಗೊತ್ತಿತ್ತು. ನೀನು ಹೋಗುವಾಗ ಪಾಲಕರ ಹಕ್ಕನ್ನು ನನ್ನ ಹೆಸರಿಗೆ ಬರೆದುಕೊಟ್ಟು ಹೋಗಿದ್ದೆಯಲ್ಲ, ಆ ಹಕ್ಕಿನಿಂದಲೇ ಸಹಿ ಹಾಕಿದೆ. ಇನ್ನೊಂದು ಮಾತನ್ನೂ ಹೇಳಬೇಕು. ಅವಳು ಫೇಲಾಗುತ್ತಾಳೆ ಎಂದು ನಾನೂ ನಂಬಿದ್ದೆ. ಗಣಿತದ ಟೀಚರ ಮನೆಯ ಹುಡುಗಿ ಗಣಿತದಲ್ಲೇ ಫೇಲು ಎಂದು ಮೀನು ಮಾರುಕಟ್ಟೆಯಲ್ಲಿ ಆಡಿಕೊಳ್ಳುವುದು ನನಗೆ ಬೇಡವಾಗಿತ್ತು. ನಾಚಿಕೆ ನನ್ನದು, ವರ್ಷ ಅವಳದು. ಅಕ್ಕಿ ತೊಳೆಯುತ್ತಿದ್ದವಳ ಮುಂದೆ ಕಾಗದ ಹಿಡಿದೆ. "ಎಲ್ಲರದ್ರ ಜೊತೆ ನಂದೂನಾ ದೊಡ್ಡಮ್ಮ?" ಎಂದಳು. ನಿನ್ನದೇ ಮೊದಲು ಎಂದೆ. ಕೈ ಒರೆಸಿಕೊಂಡು ಸಹಿ ಮಾಡಿ, ಮತ್ತೆ ಅಕ್ಕಿಗೆ ಕೈ ಹಾಕಿದಳು. ಯಾಕೆ ಎಂದು ಕೇಳಿದ್ದರೆ ಹರಿದು ಹಾಕುತ್ತಿದ್ದೆನೋ ಏನೋ, ಈಗ ಹಾಗೆ ಹೇಳಿಕೊಳ್ಳುವುದು ಸುಲಭ.

ಯಾಕೆ ಅವಳದೇ ಮೊದಲು ಗೊತ್ತೇ? ಕಟ್ಟಿನ ಮೇಲೆ ಇಟ್ಟುಕೊಂಡು ಮನೆಮನೆಗೆ ತೋರಿಸಲು. ನೋಡಿ, ನನ್ನ ಸ್ವಂತ ತಂಗಿಯ ಮಗಳದ್ದಕ್ಕೇ ಹಾಕಿದ್ದೇನೆ, ನಿಮ್ಮ ಮಗುವಿಗೆ ನಾನು ಕೆಟ್ಟದ್ದು ಬಯಸುತ್ತೇನೆಯೇ ಎಂದು ಕೇಳಲು. ಮಂತ್ರದ ಹಾಗೆ ಕೆಲಸ ಮಾಡಿತು. ಪಟ್ಟಿಯಲ್ಲಿದ್ದ ಥೊಯಾಯ್‌ನ ಅಪ್ಪ, ಬಾತುಕೋಳಿ ಸಾಕುವವನು, ಓದಿಯೂ ನೋಡಲಿಲ್ಲ. "ನೀವು ಹೇಳಿದ್ಮೇಲೆ ಮುಗೀತು ಟೀಚರೇ, ನಮಗೇನು ಗೊತ್ತಾಗುತ್ತೆ" ಎಂದು ಹೆಬ್ಬೆಟ್ಟಿನಷ್ಟು ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಹನ್ನೆರಡು ಮೊಟ್ಟೆ ಕಟ್ಟಿಕೊಟ್ಟ. ನಾನು ಅವನ್ನು ಮನೆಗೆ ತಂದೆ. ನೀನು ಫೋನಿನಲ್ಲಿ ನೋಡಿ ಹೊಗಳಿದ ಆ ಉಪ್ಪು ಮೊಟ್ಟೆಗಳು ಅವೇ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ನಾವು ಮಕ್ಕಳಿಗೆ ಹೇಳುತ್ತೇವಲ್ಲ, ಆ ಬೇಲಿಗೆ ಮೊಟ್ಟೆಯನ್ನೂ ಕೊಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಸಹಿ ಹಾಕದವಳು ಒಬ್ಬಳೇ, ದೋಣಿಯಲ್ಲಿ ತರಕಾರಿ ಮಾರುವ ಬಾಯ್ ಅಜ್ಜಿ. ಅವಳ ಮೊಮ್ಮಗ ದಾಂಗ್ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿದ್ದ. ಅಜ್ಜಿ ಮಿಯೆನ್ ಅರ್ಜಿಯನ್ನು ದೂರ ಹಿಡಿದು ಓದಿ, ನನ್ನ ಕೈಗೇ ತುರುಕಿದಳು. "ಪಾಸಾಗೋ ಮಕ್ಕಳನ್ನ ಪಾಸ್ ಮಾಡ್ಸೋಕೆ ನೀವ್ಯಾಕೆ ಬೇಕು? ನಿಮ್ಮನೆ ಕೂಸಿಗೆ ನೀವು ಹಾಕಿದ್ದೀರಿ, ಅದು ನಿಮ್ಮ ಹಣೇಬರಹ. ನನ್ ಹುಡುಗ ಫೇಲಾದ್ರೂ ಹೋಗಿ ಕೂತು ಫೇಲಾಗ್ತಾನೆ." ನನಗೆ ಕೆಂಡದಂಥ ಸಿಟ್ಟು ಬಂತು. ಓದು ಬಾರದ ಮುದುಕಿ ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ನಕ್ಕೆ ಕೂಡ. ಅರ್ಜಿಯನ್ನು ಓದಿ ನೋಡಿ ಬೇಡ ಎಂದವಳು ಅವಳೊಬ್ಬಳೇ.

ಜೂನ್ ಮೊದಲ ವಾರ ಪರೀಕ್ಷೆ. ನಾನು ಮಕ್ಕಳನ್ನು ಕರೆದುಕೊಂಡು ಹೊರಟಾಗ ಮಿಯೆನ್ ಗೆಳತಿಯರಿಗೆ ಪೆನ್ಸಿಲ್ ಕೆತ್ತಿ ಕೊಟ್ಟಳು. ಅವರು ಮುಗಿಸಿ ಬಂದ ಮೇಲೆ ಮೂರೂ ಪ್ರಶ್ನೆಪತ್ರಿಕೆ ಇಸಿದುಕೊಂಡು, ಎರಡು ಮಧ್ಯಾಹ್ನ ಗಡಿಯಾರ ಎದುರಿಗಿಟ್ಟುಕೊಂಡು ಬರೆದಳು. ಪುಸ್ತಕ ಮುಟ್ಟಲಿಲ್ಲ, ನಾನೇ ನೋಡಿದ್ದೇನೆ. ನನ್ನ ಮೇಜಿನ ಮೇಲಿಟ್ಟು "ಎಲ್ಲರದ್ದು ತಿದ್ದೋ ಹಾಗೇ ತಿದ್ದಿ ದೊಡ್ಡಮ್ಮ" ಎಂದಳು. ಗಣಿತ ನಾನು ತಿದ್ದಿದೆ, ಕೈ ಬಿಗಿಹಿಡಿದೇ ತಿದ್ದಿದೆ. ಉಳಿದೆರಡನ್ನು ಯಾರದ್ದೆಂದು ಹೇಳದೆ ಬೇರೆ ಶಾಲೆಯ ಟೀಚರುಗಳಿಗೆ ಕೊಟ್ಟೆ. ಎಲ್ಲ ಕೂಡಿಸಿದರೆ ಐವತ್ತಕ್ಕೆ ಇಪ್ಪತ್ತೆರಡು.

ಆಮೇಲೆ ಫಲಿತಾಂಶ ಬಂತು. ತಾಲ್ಲೂಕಿನ ಹದಿನಾಲ್ಕು ಶಾಲೆಗಳೂ ನಮ್ಮ ಹಾಗೇ ಬುದ್ಧಿವಂತಿಕೆ ಮಾಡಿದ್ದವು. ಎಲ್ಲರೂ ತಮ್ಮ ತಮ್ಮ ಹಿಂದುಳಿದವರನ್ನು ಮನೆಯಲ್ಲಿ ಕೂರಿಸಿದ್ದರಿಂದ, ಹೈಸ್ಕೂಲಿನಲ್ಲಿ ಇದ್ದ ಸೀಟಿಗಿಂತ ಪರೀಕ್ಷೆ ಬರೆದವರೇ ಕಮ್ಮಿಯಾದರು. ಯಾವುದರಲ್ಲೂ ಸೊನ್ನೆ ಬರದವರೆಲ್ಲ ಒಳಗೆ. ಕಡೆಯ ಹುಡುಗನಿಗೆ ಬಂದದ್ದು ಹದಿನಾಲ್ಕು ಅಂಕ. ಆ ಹುಡುಗ ಯಾರು ಎಂದು ಬೇರೆ ಹೇಳಬೇಕೇ? ಬಾಯ್ ಅಜ್ಜಿಯ ದಾಂಗ್. ಇನ್ನೂ ನಲವತ್ತು ಬೆಂಚಿನ ಜಾಗ ಖಾಲಿ ಬಿದ್ದಿದೆ, ಪರೀಕ್ಷೆಗೆ ಕೂರದವರಿಗೆ ಮಾತ್ರ ಅದು ಸಿಗುವುದಿಲ್ಲ. ಗೇಟಿನ ಮೇಲೆ ಕೆಂಪು ಬಟ್ಟೆ ಕಟ್ಟಿದ್ದೇವೆ, "ನೂರಕ್ಕೆ ನೂರು" ಎಂದು. ದಾಂಗ್‌ನ ಹೆಗಲ ಮೇಲೆ ಕೈ ಹಾಕಿಕೊಂಡು ಕಿಯೆತ್ ಫೋಟೊ ತೆಗೆಸಿಕೊಂಡರು, ಅಜ್ಜಿ ಮಾತ್ರ ದೋಣಿಯಿಂದ ಇಳಿಯಲಿಲ್ಲ. ಪಕ್ಕದ ಊರಿನವರು ಮಕ್ಕಳನ್ನು ನಮ್ಮಲ್ಲಿಗೆ ಸೇರಿಸಲು ಸಾಲು ನಿಂತಿದ್ದಾರೆ. ನಿಮ್ಮ ಶಾಲೆ ಹೇಗೆ ಟೀಚರೇ ಎಂದು ಕೇಳುತ್ತಾರೆ. ಬಹಳ ಒಳ್ಳೆಯ ಶಾಲೆ ಎನ್ನುತ್ತೇನೆ. ನನಗೂ ಒಂದು ಪ್ರಶಸ್ತಿಪತ್ರ ಬಂದಿದೆ, ಉತ್ತಮ ತರಗತಿ ಶಿಕ್ಷಕಿ ಎಂದು. ಗೋಡೆಗೆ ಹಾಕಿಲ್ಲ, ಬೀರುವಿನ ಹಿಂದೆ ಸಿಕ್ಕಿಸಿದ್ದೇನೆ. ಹರಿದು ಹಾಕುವಷ್ಟು ಒಳ್ಳೆಯವಳೂ ಅಲ್ಲ ನಾನು.

ಮಿಯೆನ್‌ಗೆ ಈ ಹದಿನಾಲ್ಕು ಅಂಕದ ವಿಷಯ ಗೊತ್ತು. ಅಂಕಪಟ್ಟಿಯ ಮುಂದೆ ಗೆಳತಿಯರ ಜೊತೆ ಅವಳೂ ನಿಂತಿದ್ದಳು. ಮನೆಗೆ ಬಂದು ಅನ್ನಕ್ಕಿಟ್ಟಳು. ಅವಳು ಕಿರುಚಲಿ, ಪಾತ್ರೆ ಎಸೆಯಲಿ ಎಂದು ನಾನು ಕಾದೆ. ನಿನ್ನ ಆ ಮುದುಕಮ್ಮನ ಹಾಗೆ ಎಸೆದಿದ್ದರೆ ನೆಮ್ಮದಿಯಾಗಿ ಬಾಗಿ ಎತ್ತುತ್ತಿದ್ದೆ. ಅವಳು ನನಗೆ ಬಡಿಸಿ, ಮೀನಿನ ಮುಳ್ಳು ಬಿಡಿಸಿ ತಟ್ಟೆಯಂಚಿಗಿಟ್ಟು, "ಊಟ ಮಾಡಿ ಟೀಚರ್" ಎಂದಳು. ನೀನು ಹೋದಾಗಿನಿಂದ ಐದು ವರ್ಷ ಈ ಮನೆಯಲ್ಲಿ ದೊಡ್ಡಮ್ಮ ಎಂದು ಕರೆದವಳು ಆವತ್ತಿನಿಂದ ಮನೆಯೊಳಗೂ ಟೀಚರ್ ಎನ್ನುತ್ತಾಳೆ. ಸಿಟ್ಟಿನಿಂದಲ್ಲ, ಬಹಳ ಮರ್ಯಾದೆಯಿಂದ. ನನಗೆ ತಡೆಯಲಾಗುತ್ತಿಲ್ಲ ಲುವಾ. ಕ್ಷಮಿಸು ಎಂದು ಬರೆಯಲು ಕೂತಿದ್ದೆ, ಬರೆಯುವುದಿಲ್ಲ. ಕ್ಷಮಿಸುವ ಹಕ್ಕು ನಿನಗಿಂತ ಮೊದಲು ಅವಳದು, ಅವಳು ಇನ್ನೂ ಆ ಮಾತೆತ್ತಿಲ್ಲ. ಬಯ್ಯಬೇಕಾದರೆ ನನಗೆ ಬಯ್ಯಿ, ಭಾನುವಾರ ಅವಳನ್ನು ಬಯ್ಯಬೇಡ. ನೂರಕ್ಕೆ ನೂರು ಎಂದಾಗ ನಿನ್ನ ನಗು ನೋಡಿ ಅವಳ ಬಾಯಿ ಕಟ್ಟಿತು, ಅಷ್ಟೇ.

ಅಮ್ಮನ ತಿಥಿ ಬರುವ ತಿಂಗಳು, ನಿನ್ನ ಹೆಸರಿನಲ್ಲೂ ಊದುಬತ್ತಿ ಹಚ್ಚುತ್ತೇನೆ. ದೇವರು ನಿನ್ನ ಸೊಂಟ ಗಟ್ಟಿ ಇಡಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಒಣಮೀನನ್ನು ಎಲ್ಲರಿಗೂ ಹಂಚಿ ಖಾಲಿ ಮಾಡಿಬಿಡಬೇಡ.

ನಿನ್ನ ಅಕ್ಕ,
ಥಾಮ್

ಮರೆತ ಮಾತು: ಗಂಟು ಒಯ್ಯಲು ನ್ಯಾನ್ ದೋಣಿ ಕಟ್ಟೆಯ ಹತ್ತಿರ ಬಂದಿದೆ, ಬೇಗ ಬರೆಯುತ್ತೇನೆ. ಲಕೋಟೆಯಲ್ಲಿ ಇನ್ನೊಂದು ಕಾಗದ ಇದೆ, ಕಳೆಯಬೇಡ. ಬರುವ ವರ್ಷ ಹೊರಗಿನಿಂದ ಪರೀಕ್ಷೆಗೆ ಕೂರಬಹುದಂತೆ. ಅರ್ಜಿಯನ್ನು ಮಿಯೆನ್ ತಾನೇ ಪೇಟೆಗೆ ಹೋಗಿ ತಂದು, ತಾನೇ ತುಂಬಿದ್ದಾಳೆ. ಪಾಲಕರ ಸಹಿಯ ಜಾಗಕ್ಕೆ ನಾನು ಪೆನ್ನು ತೆಗೆದೆ. ಅವಳು ಕಾಗದವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, "ನೀವು ಬೇಡ ಟೀಚರ್, ಅಮ್ಮ ಹಾಕ್ಲಿ" ಎಂದಳು. ಹಾಕಿ ಕಳಿಸು.