ಮೂರು ಸಲ ನೀರು, ನಾಲ್ಕನೆಯದು ಸಾಬೂನಿಗೆ

ಫೆಬ್ರವರಿ 19, ಮಂಗಳವಾರ
ಕಾಲುಚೀಲ ಒಗೆದೆ, ತಾಮ್ರದ ಬೋಗುಣಿಯಲ್ಲೇ. ನನ್ನ ಹೆಂಡತಿ ಲೂಲೆ ಬದುಕಿದ್ದರೆ ಕಿತ್ತುಕೊಳ್ಳುತ್ತಿದ್ದಳು. ಅದರಲ್ಲಿ ಬಟ್ಟೆ ಒಗೆಯಲು ಒಂದು ದಿನವೂ ಬಿಡಲಿಲ್ಲ. ಯಾಕೆಂದು ಕೇಳಲೇ ಇಲ್ಲ... ಏನು ಬರೆಯಹೊರಟಿದ್ದೆ? ಹಾಂ, ಚರ್ಚು. ಮುಂದಿನ ವಾರ ಸತ್ತವರ ಶನಿವಾರ. ನಮ್ಮ ಅರುಮಾನ ಭಾಷೆಯಲ್ಲೇ ಪೂಜೆ, ಸತ್ತವರ ಹೆಸರೆಲ್ಲ ಓದುತ್ತಾರೆ. ಅವಳ ಹೆಸರು ಕೊಡಲು ಹೋದೆ.

"ದೀಕ್ಷಾಸ್ನಾನದ ಹೆಸರು ಏನು, ತಾಶ್ಕು?" ಅಂದರು ಪಾದ್ರಿ ನೌಮ್.

"ಲೂಲೆ, ಪಾದ್ರಿಗಳೇ."

"ಅದು ಅವರ ಅಪ್ಪ ಇಟ್ಟಿದ್ದು. ಮುಸ್ಲಿಮರ ಮನೆ ಅಲ್ವಾ? ಸ್ನಾನ ಆಗದೋರ ಹೆಸರು ನಾನು ಹೇಗಪ್ಪಾ ಓದಲಿ?"

ನಾವು ಮದುವೆಯಾದಾಗ ದೇಶದಲ್ಲಿ ಸರ್ಕಾರ ದೇವರನ್ನೇ ನಿಷೇಧಿಸಿತ್ತು. ಚರ್ಚು ಉಗ್ರಾಣವಾಗಿತ್ತು. ಯಾರು ಸ್ನಾನ ಮಾಡಿಸುತ್ತಿದ್ದರು? ಬರುವಾಗ ಅವಳಿಗೊಂದು ಮೇಣದಬತ್ತಿ ಹಚ್ಚಿದೆ. ಬತ್ತಿ ಇಡುವ ಕಡೆ ಮೇಲಿನ ತಟ್ಟೆ ಬದುಕಿದವರದು, ಕೆಳಗಿನ ಮರಳು ಸತ್ತವರದು. ಶರತ್ಕಾಲದಲ್ಲಿ ಅವಳು ಹೋದಂದಿನಿಂದ ಮೇಲೇ ಇಡುತ್ತಿದ್ದೇನೆ. ಕೆಳಗೆ ಇಟ್ಟರೆ ಯಾರಾದರೂ ಕೇಳಿಯಾರು — ಇವಳು ನಮ್ಮವಳಾ ಎಂದು.

ಫೆಬ್ರವರಿ 24
ತಾನಾ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಮ್ಮನ ತಂಗಿ. ಕಿವಿ ಮಂದ, ನಾಲಿಗೆ ಅಲ್ಲ.

"ಹೆಸರು ಇಲ್ವಂತಾ? ಯಾರೋ ಹೇಳಿದ್ದು? ನಿನ್ನಮ್ಮ ಅವಳನ್ನ ಏನಂತ ಕರೀತಿದ್ಲು?"

"ಲಿಲಿಚಿ."

"ಮತ್ತೆ!"

"ಅದು ಬರೀ ಅರ್ಥ ಅಲ್ವಾ ಚಿಕ್ಕಮ್ಮ? ಅವರ ಭಾಷೇಲಿ ಲೂಲೆ ಅಂದ್ರೂ ಹೂವು, ನಮ್ಮದ್ರಲ್ಲಿ ಲಿಲಿಚಿ ಅಂದ್ರೂ ಹೂವು..."

"ಕಾಲೇಜು ಓದಿದ ಕತ್ತೆ ನೀನು. ಮದುವೆ ವಾರ ನಾವಿಬ್ರೂ ಅವಳ ತಲೆ ತೊಳೆದ್ವಿ. ನಿಮ್ಮನೆ ಆ ತಾಮ್ರದ ಬೋಗುಣಿ ಮೇಲೆ ತಲೆ ಬಗ್ಗಿಸಿ. ನಿನ್ನಮ್ಮ ತಂದೆ, ಮಗ, ಪವಿತ್ರಾತ್ಮ ಅಂತ ಮೂರು ಸಲ ನೀರು ಹೊಯ್ದು ಹೆಸರಿಟ್ಲು. ಆಗ ಸಂತರ ಹೆಸರು ಕೂಗಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಲಿಲಿಚಿ ಅಂದ್ರೆ ಯಾರಿಗೆ ಅನುಮಾನ?"

ಟ್ರಾನ್ಸ್‌ಲೇಷನ್ ಎಂದುಕೊಂಡಿದ್ದೆ. ಇಷ್ಟು ವರ್ಷ.

ಫೆಬ್ರವರಿ 25
ಚಿಕ್ಕಮ್ಮನನ್ನು ಪಾದ್ರಿಗಳ ಹತ್ತಿರ ಕರೆದೊಯ್ದೆ. ಪಾದ್ರಿ ಸಿಗದ ಕಾಲದಲ್ಲಿ ಮನೆಯವರು ಮಾಡಿಸಿದ ಸ್ನಾನವೂ ನಡೆಯುತ್ತದೆ, ಆದರೆ ಸರಿಯಾಗಿ ಮೂರು ಸಲ ನೀರು ಬಿದ್ದಿರಬೇಕು ಅಂದರು.

"ಎಷ್ಟು ಸಲ ನೀರು ಹೊಯ್ದ್ರಿ, ತಾಯಿ?"

"ನಾಲ್ಕು."

ಪಾದ್ರಿಗಳ ಮುಖ ಸಣ್ಣಗಾಯಿತು.

"ಮೂರು ದೇವರಿಗೆ. ನಾಲ್ಕನೇದು ಸಾಬೂನು ಹೋಗ್ಲಿ ಅಂತ!"

ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ — "ಆ ಹುಡುಗಿಗೆ ಗೊತ್ತಿತ್ತಾ? ಒಪ್ಪಿದ್ಲಾ?"

"ಕಣ್ಣಿಗೆ ಸಾಬೂನು ಹೋಗಿ ಅಳ್ತಿದ್ಲು. ನಾನೇನು ಹೇಳ್ಲಿ?"

ಅವಳಿಗೆ ಗೊತ್ತಿಲ್ಲದಿದ್ದರೆ ಓದಲಾರೆ, ಯೋಚಿಸು ಎಂದರು ನನಗೆ. ಯೋಚಿಸಿದೆ. ಗೊತ್ತಿತ್ತೇ? ಇಂಗ್ಲಿಷಿನಲ್ಲಿ ಇದಕ್ಕೊಂದು ಟೆನ್ಸ್ ಇದೆ, ಹ್ಯಾಡ್ ನೋನ್... ಪಾಸ್ಟ್ ಪರ್ಫೆಕ್ಟೋ ಏನೋ. ಪರ್ಫೆಕ್ಟ್ ಅಂತೆ! ನನಗೆ ಎಲ್ಲ ಕನ್ಫ್ಯೂಷನ್. ಗೊತ್ತಿದ್ದರೆ ನನಗೇಕೆ ಹೇಳಲಿಲ್ಲ?

ಮಾರ್ಚ್ 1, ಬೆಳಿಗ್ಗೆ
ಕಾಲುಚೀಲ ಒಗೆಯಲು ಬೋಗುಣಿ ಇಳಿಸಿದೆ. ಕೈ ಅಲ್ಲೇ ನಿಂತಿತು.

ಗೊತ್ತಿತ್ತು.

ಓಡಿಹೋಗಿ ಪಾದ್ರಿಗಳಿಗೆ ಹೇಳಿದೆ, ಆ ಬೋಗುಣಿಯಲ್ಲಿ ಅವಳು ಒಂದು ದಿನವೂ ಬಟ್ಟೆ ಒಗೆಯಲು ಬಿಡಲಿಲ್ಲ ಎಂದು. "ಸತ್ತವರಿಗೆ ಬೇಯಿಸೋ ಗೋಧಿ ತಗೊಂಡು ಬಾ ನಾಳೆ" ಅಂದರು, ಅಷ್ಟೇ. ಹೆಸರು ಓದುತ್ತಾರೋ ಇಲ್ಲವೋ ತಿಳಿಯಲಿಲ್ಲ. ಬೋಗುಣಿಯನ್ನು ಬೂದಿ ಹಾಕಿ ಉಜ್ಜಿದೆ. ಗೋಧಿ ನೆನೆಹಾಕಿದ್ದು ಅದರಲ್ಲೇ.

ಮಾರ್ಚ್ 2, ಶನಿವಾರ
ಬೇಯಿಸಿದ ಗೋಧಿಗೆ ಸಕ್ಕರೆ ಜಾಸ್ತಿಯಾಯಿತು. ಪಾದ್ರಿಗಳು ಓದುತ್ತ ಬಂದರು. ಸ್ಟೆರ್ಯು, ಮರೂಷಾ, ನಾಸ್ತಾ... ಉಸಿರು ತೆಗೆದುಕೊಂಡರು. ಲಿಲಿಚಿ, ಅಂದರು.

ಹಿಂದಿನಿಂದ ಚಿಕ್ಕಮ್ಮ ತಿವಿದಳು. "ಬಗ್ಗೋ, ಬತ್ತಿ ಕೆಳಗೆ ಇಡು. ಈಗ ಯಾರು ಏನಂತಾರೆ?"

ಬಗ್ಗಿದೆ. ಮರಳು ಬೆಚ್ಚಗಿತ್ತು. ಕೈ ಮಾತ್ರ ಇಳಿಯಲಿಲ್ಲ. ಯಾರೋ ಏನೋ ಕೇಳಿಯಾರೆಂದು ಮೇಲೆ ಇಡುತ್ತಿದ್ದೆ ಎಂದು ಬರೆದಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ. ಮೇಲೆ ಇಟ್ಟಷ್ಟು ದಿನ ಅವಳು ಬದುಕಿದವರ ಜೊತೆ —